ಹನ್ನೊಂದು ಮಿಲಿಮೀಟರ್

ನಮ್ಮ ಮನೆಯ ಮೆಟ್ಟಿಲು ಶುರುವಾಗುವಲ್ಲಿ, ಕರೆಂಟ್ ಮೀಟರಿನ ಪಕ್ಕದ ಕಂಬದ ಮೇಲೆ, ಪೆನ್ಸಿಲಿನ ಎರಡು ಗೆರೆಗಳಿದ್ದವು. ಎರಡರ ನಡುವಿನ ಅಂತರ ಹನ್ನೊಂದು ಮಿಲಿಮೀಟರ್. ಕೆಳಗಿನ ಗೆರೆಯ ಪಕ್ಕ ‘ಸಂಜೆ 7.10’ ಎಂದೂ ಮೇಲಿನದರ ಪಕ್ಕ ‘ಬೆಳಿಗ್ಗೆ 5.45’ ಎಂದೂ ನನ್ನ ಅಕ್ಷರದಲ್ಲಿ ಬರೆದಿತ್ತು. ಎರಡೂ ಒಬ್ಬನದೇ ಎತ್ತರ. ನಡುವೆ ಕಳೆದದ್ದು ಒಂದು ರಾತ್ರಿ.

ಅವನು ನಮ್ಮ ಮೇಲಿನ ಮನೆಯ ಹುಡುಗ. ಸೈನ್ಯ ಸೇರಿ ಎರಡನೆಯ ವರ್ಷ ನಡೆಯುತ್ತಿದ್ದಾಗ, ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ತೀರಿಕೊಂಡ. ಅವನ ಬಗ್ಗೆ ಬರೆಯಲು ನನಗಿಂತ ಹತ್ತಿರದವರು ಇದ್ದಾರೆ. ಆದರೆ ಆ ಗೆರೆಗಳನ್ನು ಎಳೆದವಳು ನಾನು.

ಟಿ. ದಾಸರಹಳ್ಳಿಯ ನಮ್ಮ ಮನೆಯನ್ನು ಅಪ್ಪ ಸರ್ಕಾರಿ ಕಾರ್ಖಾನೆಯೊಂದರ ನೌಕರಿಯಲ್ಲಿದ್ದಾಗ ಕಟ್ಟಿಸಿದರು. ಕೆಳಗೆ ನಾವು, ಮೇಲೆ ಬಾಡಿಗೆಯವರು. ಈ ಕುಟುಂಬ ಕೊಪ್ಪಳದ ಕಡೆಯದು. ತಂದೆಗೆ ಪೀಣ್ಯದ ಎರಕದ ಕಾರ್ಖಾನೆಯಲ್ಲಿ ಕೆಲಸ, ತಾಯಿಗೆ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಮಷೀನು. ಒಬ್ಬನೇ ಮಗ. ಐಟಿಐ ಮುಗಿಸಿ, ಬಿಡಿಭಾಗಗಳನ್ನು ಕಡೆಯುವ ಒಂದು ಸಣ್ಣ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ದುಡಿಯುತ್ತಿದ್ದ.

ಅವರು ಬಂದ ಮೊದಲ ವಾರ ಅವನು ನೀರಿನ ಮೋಟರಿನ ಹೊತ್ತು ಕೇಳಲು ಕೆಳಗೆ ಬಂದ. ಕೇಳಿದ ಮೇಲೂ ಹೋಗದೆ ಬಾಗಿಲಲ್ಲೇ ನಿಂತ.

“ಅಕ್ಕಾರ, ನೀವು ಅಳತಿಪಟ್ಟಿ ಸರಿ ಐತೋ ಇಲ್ಲೋ ನೋಡೂ ನೌಕರಿ ಮಾಡ್ತೀರಂತ. ಹೌದೇನ್ರಿ?”

ಹೌದು ಎಂದೆ. ಪೀಣ್ಯದ ಒಂದು ಕ್ಯಾಲಿಬ್ರೇಷನ್ ಲ್ಯಾಬಿನಲ್ಲಿ ನನ್ನ ಕೆಲಸ. ಕಾರ್ಖಾನೆಗಳು ತಮ್ಮ ಅಳತೆಯ ಉಪಕರಣಗಳನ್ನು ನಮ್ಮಲ್ಲಿಗೆ ಕಳಿಸುತ್ತವೆ. ಅವು ಎಷ್ಟು ನಿಜ ಹೇಳುತ್ತಿವೆ, ಎಷ್ಟು ತಪ್ಪು ಹೇಳುತ್ತಿವೆ ಎಂದು ನಾವು ಬರೆದುಕೊಡುತ್ತೇವೆ.

“ಅದನ್ನ ಯಾತರ್ಲೆ ನೋಡ್ತೀರಿ?”

“ಅದಕ್ಕಿಂತ ಒಳ್ಳೇ ಅಳತೆಪಟ್ಟಿಯಿಂದ.”

“ಆ ಒಳ್ಳೇದನ್ನ?”

“ಇನ್ನೂ ಒಳ್ಳೇದರಿಂದ.”

“ಹಂಗ ಮ್ಯಾಲ ಮ್ಯಾಲ ಹೋದ್ರ, ಎಲ್ಲಾದರ ಮ್ಯಾಲ ಒಂದು ಇರತೈತಲ್ರಿ, ಅದನ್ನ ಯಾರು ನೋಡ್ತಾರ?”

“ಅದನ್ನ ಯಾರೂ ನೋಡಲ್ಲ. ಅದು ಸರಿ ಅಂತ ಎಲ್ಲರೂ ಒಪ್ಪಿಕೊಂಡಿದ್ದಾರೆ.”

“ನಮ್ಮೂರ ಗೌಡ್ರ ಇದ್ದಂಗ ಅನ್ರಿ,” ಎಂದು ನಗುತ್ತ ಮೆಟ್ಟಿಲು ಹತ್ತಿದ.

ನಾನು ಕೊಟ್ಟ ಉತ್ತರ ಪೂರ್ತಿ ಸರಿಯಿರಲಿಲ್ಲ. ಈಗ ಮೀಟರೆಂಬ ಅಳತೆ ಯಾವ ಲೋಹದ ಕಡ್ಡಿಯ ಮೇಲೂ ನಿಂತಿಲ್ಲ. ಬೆಳಕು ಕ್ಷಣದ ಒಂದು ಸಣ್ಣ ಪಾಲಿನಲ್ಲಿ ಎಷ್ಟು ದೂರ ಹೋಗುತ್ತದೆ ಎಂಬುದರ ಮೇಲೆ ನಿಂತಿದೆ. ಅರ್ಧ ಉತ್ತರ ಹೇಳಿದ್ದು ಎರಡು ದಿನ ಕೊರೆಯಿತು. ಎದುರು ನಿಂತು ಮಾತಾಡುವುದು ನನಗೆ ಸುಲಭವಲ್ಲ. ಒಂದು ಹಾಳೆಯಲ್ಲಿ ಬರೆದು, ಮಡಚಿ, ಅವನ ತಾಯಿಯ ಕೈಗೆ ಕೊಟ್ಟೆ.

ಮಾರನೆಯ ದಿನ ನಮ್ಮ ಕಿಟಕಿಯ ಸರಳಿಗೆ ಒಂದು ಕೆಂಪು ಚೀಟಿ ಕಟ್ಟಿತ್ತು. ಅಳತೆ ತಪ್ಪಿದ ಬಿಡಿಭಾಗಗಳನ್ನು ಬೇರೆ ಇಡುವಾಗ ಕಾರ್ಖಾನೆಯಲ್ಲಿ ಕಟ್ಟುವ ಚೀಟಿ ಅದು. ಮೇಲೆ ‘ರಿಜೆಕ್ಟೆಡ್’ ಎಂಬ ಅಚ್ಚು, ತುದಿಯಲ್ಲಿ ಬಿಳಿ ದಾರ. ಅದರ ಹಿಂಬದಿಯಲ್ಲಿ ಪ್ರಶ್ನೆ: ‘ಕಾಯ್ದ ಕಬ್ಬಿಣ ಕೆಂಪ ಆಗತೈತಿ, ಹಳದಿ ಆಗತೈತಿ, ಬಿಳಿ ಆಗತೈತಿ. ಹಸರ ಯಾಕ ಆಗೂದಿಲ್ಲ?’

ಭೌತಶಾಸ್ತ್ರದ ಎಂಎಸ್‌ಸಿಯಲ್ಲಿ ಎರಡು ವರ್ಷ ಕೂತ ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ಅವನ ಅಪ್ಪ ಎರಕದ ಕುಲುಮೆಯ ಮುಂದೆ ನಿಲ್ಲುವವರು. ಮಗ ಚಿಕ್ಕಂದಿನಲ್ಲಿ ಅಲ್ಲಿಗೆ ಬುತ್ತಿ ಒಯ್ಯುತ್ತ ನೋಡಿದ್ದನಂತೆ. ಉತ್ತರ ಬರೆಯಲು ನಾನು ಹಳೆಯ ಪುಸ್ತಕ ತೆಗೆಯಬೇಕಾಯಿತು. ಬರೆದದ್ದನ್ನು ಅದೇ ದಾರದಲ್ಲಿ ಮೆಟ್ಟಿಲ ಪಕ್ಕದ ಕಂಬಿಗೆ ಕಟ್ಟಿದೆ.

ಹೀಗೆ ನಮ್ಮ ನಡುವೆ ಒಂದು ಅಂಚೆ ಶುರುವಾಯಿತು. ವಾರಕ್ಕೊಂದು, ಕೆಲವೊಮ್ಮೆ ಎರಡು. ಸೈನ್ಯಕ್ಕೆ ಸೇರಬೇಕೆಂದು ಅವನು ದಿನಾ ನಸುಕಿನಲ್ಲಿ ಕೆರೆಯ ಏರಿಯ ಮೇಲೆ ಓಡುತ್ತಿದ್ದ. ಪ್ರಶ್ನೆಗಳು ಅಲ್ಲೇ ಹುಟ್ಟುತ್ತಿದ್ದವು ಅಂತ ಕಾಣುತ್ತದೆ. ಓಡುವಾಗ ಬಾಯಲ್ಲಿ ಕಬ್ಬಿಣದ ರುಚಿ ಯಾಕೆ? ಬಾತುಕೋಳಿಯ ಕಾಲಿಗೆ ಚಳಿಯಾಗುವುದಿಲ್ಲವೆ? ಮೆಟ್ರೋ ಕಂಬಗಳ ಮೇಲಿನ ಹಳಿಗೆ ಬೇಸಿಗೆಯಲ್ಲಿ ಹಿಗ್ಗಲು ಜಾಗ ಎಲ್ಲಿದೆ? ಗೊತ್ತಿಲ್ಲದ್ದಕ್ಕೆ ‘ಗೊತ್ತಿಲ್ಲ’ ಎಂದೇ ಬರೆಯುತ್ತಿದ್ದೆ. ಅಂಥ ಚೀಟಿಗಳನ್ನು ಅವನು ಬೇರೆಯಾಗಿ ಒಂದು ಮೊಳೆಗೆ ನೇತುಹಾಕಿದ್ದನೆಂದು ಆಮೇಲೆ ತಿಳಿಯಿತು.

ಅಪ್ಪನಿಗೆ ಇದೆಲ್ಲ ತಮಾಷೆ. ಒಂದು ದಿನ ಅವನನ್ನು ಗೇಟಿನ ಹತ್ತಿರ ತಡೆದು, “ಇವಳ ಕೈಲಿ ನಾನು ಇಪ್ಪತ್ತಾರು ವರ್ಷದಿಂದ ನಾಲ್ಕು ಮಾತಾಡಿಸೋಕಾಗಿಲ್ಲ ಕಣೋ. ನೀನು ಪುಟಗಟ್ಲೆ ಬರೆಸ್ತಿದ್ದೀಯ. ಏನಪ್ಪ ನಿನ್ನ ಗುಟ್ಟು?” ಎಂದರು.

“ನೀವು ಪ್ರಶ್ನೆ ಕೇಳಿಲ್ರಿ ಕಾಕಾರ. ಬರೇ ಊಟ ಆತೇನು ಅಂತ ಕೇಳ್ತೀರಿ,” ಎಂದ ಅವನು.

ಅಪ್ಪ ಆ ಮಾತನ್ನು ತಿಂಗಳುಗಟ್ಟಲೆ ಎಲ್ಲರಿಗೂ ಹೇಳಿದರು. ಊಟ ಆಯ್ತಾ ಎಂದು ಕೇಳುವುದನ್ನು ಮಾತ್ರ ಬಿಡಲಿಲ್ಲ.

ಸೈನ್ಯದ ಬರೆಯುವ ಪರೀಕ್ಷೆ ಅವನು ಮೊದಲ ಸಲಕ್ಕೇ ಪಾಸು ಮಾಡಿದ. ಆಮೇಲಿನ ಭರ್ತಿ ರ್‍ಯಾಲಿಯಲ್ಲಿ ಓಟದಲ್ಲೂ ಮುಂದೆ ಬಂದ. ಎತ್ತರದ ಹಲಗೆಯ ಕೆಳಗೆ ನಿಂತಾಗ ಬೇಕಾದ ನೂರಾ ಅರವತ್ತಾರು ಸೆಂಟಿಮೀಟರಿಗೆ ಒಂದು ಚೂರು ಕಡಿಮೆಯಾಗಿ ಹೊರಗೆ ಬಿದ್ದ. ಸಂಜೆ ನಾನು ಕೆಲಸದಿಂದ ಬಂದಾಗ ಕೆಳಗಿನ ಮೆಟ್ಟಿಲ ಮೇಲೆ ಕೂತಿದ್ದ. “ನನಗೂ ಕೆಂಪ ಚೀಟಿ ಕಟ್ಟಿದ್ರು ಅಕ್ಕಾರ,” ಎಂದ. ಆಮೇಲೆ ಮೊದಲ ಬಾರಿಗೆ ಪ್ರಶ್ನೆಯಲ್ಲದ ಒಂದು ಮಾತು ಕೇಳಿದ. “ನೀವು ಒಂದ ಸಲ ಅಳೀರಿ. ನೀವು ಅಂದ್ರ ನಾ ಒಪ್ಕೋತೀನಿ.”

ಅವನನ್ನು ಕಂಬಕ್ಕೆ ಬೆನ್ನು ಕೊಟ್ಟು ನಿಲ್ಲಿಸಿದೆ. ಹಿಮ್ಮಡಿ ತಾಗಬೇಕು, ನೋಟ ನೇರವಿರಬೇಕು. ತಲೆಯ ಮೇಲೆ ಅಪ್ಪನ ಎಲ್ ಆಕಾರದ ಮೂಲೆಮಟ್ಟ ಇಟ್ಟು, ಗೆರೆ ಎಳೆದು, ಸ್ಟೀಲ್ ಟೇಪಿನಲ್ಲಿ ಮೂರು ಸಲ ನೋಡಿದೆ. ನೂರಾ ಅರವತ್ತೈದೂವರೆ. ಅವರು ತಪ್ಪು ಅಳೆದಿರಲಿಲ್ಲ.

ಅಲ್ಲಿಗೆ ಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ನಮ್ಮ ಲ್ಯಾಬಿನಲ್ಲಿ ಒಂದೇ ಹೊತ್ತಿನ ಅಳತೆಗೆ ಯಾರೂ ಸಹಿ ಹಾಕುವುದಿಲ್ಲ. ಬಿಸಿ ಬೇರೆಯಾದಾಗ, ಹೊತ್ತು ಬೇರೆಯಾದಾಗ ಅದೇ ವಸ್ತು ಏನು ಹೇಳುತ್ತದೆ ಎಂದು ನೋಡಲೇಬೇಕು. ಅಭ್ಯಾಸದಿಂದ ಬಾಯಿಗೆ ಬಂದುಬಿಟ್ಟಿತು: “ನಾಳೆ ಬೆಳಿಗ್ಗೆ ಎದ್ದ ತಕ್ಷಣ ಬಾ. ಮತ್ತೆ ನೋಡೋಣ.”

“ಯಾಕ್ರಿ? ಮಲಗಿದ್ರ ಮನಷ್ಯಾ ಬೆಳೀತಾನೇನು?”

“ನಿಂತೂ ನಿಂತೂ ಬೆನ್ನುಮೂಳೆ ನಡುವಿನ ಮೆತ್ತೆ ಒತ್ತಿ ಹೋಗುತ್ತೆ. ಮಲಗಿದ್ರೆ ಮತ್ತೆ ಉಬ್ಬುತ್ತೆ. ಎಷ್ಟು ಅಂತ ನಾನು ಅಳೆದು ನೋಡಿಲ್ಲ.”

ಅವನು ಎದ್ದು ಹೋದ ಅರ್ಧ ಗಂಟೆಗೆ ಅವನ ತಾಯಿ ಬಂದರು. ತಟ್ಟೆಯಲ್ಲಿ ಎರಡು ರೊಟ್ಟಿ, ಶೇಂಗಾ ಚಟ್ನಿ. ಅಮ್ಮ ಒಳಗಿದ್ದರು. ಬಂದವರಿಗೆ ಬೇಕಾಗಿದ್ದದ್ದು ನಾನು.

“ತಂಗಿ, ನಾಳಿ ಅಳದ್ರ, ಅಷ್ಟ ಐತಿ, ಜಾಸ್ತಿ ಏನಿಲ್ಲ ಅಂತ ಹೇಳಿಬಿಡು.” ಅವರು ದನಿ ತಗ್ಗಿಸಿದರು. “ನಾ ಹೇಳಿದ್ರ ಕೇಳೂದಿಲ್ಲ. ಅವರಪ್ಪ ಹೇಳಿದ್ರ ಕೇಳೂದಿಲ್ಲ. ನಿನ್ನ ಮಾತ ಕೇಳ್ತಾನ. ಒಬ್ಬಾವನ ಅದಾನವ್ವ. ಇಲ್ಲೇ ಮಷೀನಿನ ಮುಂದ ದುಡಕೊಂಡು ಕಣ್ಣ ಮುಂದ ಇರ್ಲಿ.”

“ನೋಡ್ತೀನಿ ಆಂಟಿ,” ಎಂದೆ. ಅದು ಹೌದೂ ಅಲ್ಲ, ಇಲ್ಲವೂ ಅಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಬೆಳಿಗ್ಗೆ ಐದೂ ಮುಕ್ಕಾಲಿಗೆ ಅವನು ಕಣ್ಣುಜ್ಜುತ್ತ ಇಳಿದು ಬಂದ. ಹಿಂದೆಯೇ ತಾಯಿ, ಕೈಯಲ್ಲಿ ಹಾಲಿನ ಪಾತ್ರೆ, ಆರನೆಯ ಮೆಟ್ಟಿಲಲ್ಲಿ ನಿಂತರು. ಮೂಲೆಮಟ್ಟ ಇಟ್ಟೆ, ಗೆರೆ ಎಳೆದೆ. ನೂರಾ ಅರವತ್ತಾರು ದಾಟಿ ಇನ್ನೂ ಆರು ಮಿಲಿಮೀಟರ್. ನಂಬದೆ ಮತ್ತೆ ನೋಡಿದೆ. ಅಷ್ಟೇ.

“ಹನ್ನೊಂದು ಮಿಲಿಮೀಟರ್ ಜಾಸ್ತಿ,” ಎಂದೆ.

ಆ ಕ್ಷಣದ ಬಗ್ಗೆ ಪ್ರಾಮಾಣಿಕವಾಗಿ ಬರೆಯಬೇಕು. ನಾನು ಸತ್ಯದ ಪರವಾಗಿ ನಿಂತು ಹಾಗೆ ಹೇಳಲಿಲ್ಲ. ಅವನ ಆಸೆ ನೆರವೇರಲಿ ಎಂದೂ ಅಲ್ಲ. ಅಂಕಿ ಅಷ್ಟು ದೊಡ್ಡದಿರುತ್ತದೆಂದು ನಾನು ಎಣಿಸಿರಲಿಲ್ಲ, ನನಗೆ ಖುಷಿಯಾಗಿತ್ತು. ದನಿಯಲ್ಲಿದ್ದ ಆ ಖುಷಿ ನನಗೆ ಈಗಲೂ ಕೇಳಿಸುತ್ತದೆ. ತಲೆಯೆತ್ತಿ ನೋಡಿದಾಗ ಆರನೆಯ ಮೆಟ್ಟಿಲಲ್ಲಿ ಯಾರೂ ಇರಲಿಲ್ಲ.

ಮುಂದಿನ ರ್‍ಯಾಲಿಯ ಕಥೆಯನ್ನು ಅವನು ನಮ್ಮ ಮನೆಯ ನಡುಮನೆಯಲ್ಲಿ ಅಭಿನಯಿಸಿ ತೋರಿಸಿದ್ದ. ಓಟ ಮುಗಿದಿದೆ, ಎತ್ತರ ನೋಡಲು ಇನ್ನೂ ಗಂಟೆಗಳಿವೆ, ಎಲ್ಲರೂ ಸಾಲಿನಲ್ಲಿ ನಿಂತಿದ್ದಾರೆ. ಇವನು ಟವೆಲು ಹಾಸಿ ನೆಲದ ಮೇಲೆ ಅಂಗಾತ ಮಲಗಿಬಿಟ್ಟ.

“ಹಿಂದಿನಾಂವ ಕೇಳಿದ, ಯಾಕ ದೋಸ್ತ, ಚಕ್ಕರ್ ಬಂತೇನು ಅಂತ. ಇಲ್ಲಲೇ, ಬೆಳ್ಯಾಕತ್ತೀನಿ ಅಂದ್ಯಾ. ಆಂವನೂ ಮಲಗಿದ. ಆಂವನ ಹಿಂದಿನಾಂವನೂ ಮಲಗಿದ. ಹತ್ತ ನಿಮಿಷದಾಗ ಅರ್ಧ ಸಾಲ ನೆಲದ ಮ್ಯಾಲರಿ ಕಾಕಾರ. ಹವಾಲ್ದಾರ್ ಸಾಹೇಬ್ರು ಬಂದು ನೋಡಿ ಗಾಬರಿ.”

ಅಪ್ಪ ನಕ್ಕು ನಕ್ಕು ಕನ್ನಡಕ ತೆಗೆದು ಒರೆಸಿಕೊಂಡರು. ಅವನ ತಾಯಿಯೂ ನಕ್ಕರು. ನಾನು ಅವರ ಮುಖ ನೋಡಲು ಧೈರ್ಯ ಮಾಡಲಿಲ್ಲ.

ಆ ಸಲ ಅವನು ಆಯ್ಕೆಯಾದ. ತರಬೇತಿ ಮುಗಿದು ಉತ್ತರದ ಬೆಟ್ಟಗಳ ಕಡೆ ಹೋದ ಮೇಲೆ ಕೆಂಪು ಚೀಟಿಗಳ ಬದಲು ಫೋನಿನಲ್ಲಿ ಪ್ರಶ್ನೆಗಳು ಬರುತ್ತಿದ್ದವು. ‘ಇಲ್ಲಿ ಬ್ಯಾಳಿ ಬೇಯೂದಿಲ್ರಿ. ನೀರು ಕುದಿಯಾಕತ್ತೈತಿ, ಬ್ಯಾಳಿ ಕಲ್ಲ ಇದ್ದಂಗ ಐತಿ. ಕುದಿಯೂ ನೀರ ತಣ್ಣಗ ಇರತೈತೇನ್ರಿ?’ ಎಂದು ಒಮ್ಮೆ. ಅಡುಗೆಯವನಿಗೆ ವಿವರಿಸಬೇಕು, ಬೇಗ ಹೇಳಿ, ಎಂಬ ಒತ್ತಾಯ ಬೇರೆ. ಒಮ್ಮೆ ಮಾತ್ರ ರಜೆಯಲ್ಲಿ ಬಂದ. ಮೈ ತುಂಬಿಕೊಂಡಿದ್ದ, ಕೂದಲು ಸಣ್ಣದಾಗಿತ್ತು. ಮಾತಿನ ನಡುವೆ ಸುಮ್ಮನಾಗುವುದನ್ನು ಕಲಿತಿದ್ದ. ಕಂಬದ ಹತ್ತಿರ ನಿಂತು ಗೆರೆಗಳನ್ನು ಬೆರಳಿನಿಂದ ಮುಟ್ಟಿ ನೋಡಿದ. ಮತ್ತೆ ಅಳೆಯಲೇ ಎಂದೆ. “ಬ್ಯಾಡ್ರಿ, ಈಗ ಯಾರು ಕೇಳ್ತಾರ,” ಎಂದ.

ಅವನು ವಾಪಸು ಹೊರಟ ಸಂಜೆ ನಮ್ಮ ಕಿಟಕಿಗೆ ಒಂದು ಕೆಂಪು ಚೀಟಿ ಕಟ್ಟಿತ್ತು. ಹಳೆಯ ಕಾರ್ಖಾನೆಯ ಗೆಳೆಯರಿಂದ ಇಸಿದುಕೊಂಡದ್ದಿರಬೇಕು.

‘ನಿಂತಾಂವ ಕುಗ್ಗತಾನ, ಮಲಗಿದಾಂವ ಬೆಳೀತಾನ. ಹಂಗಾರ ಕುಂತಾಂವ? ನಮ್ಮವ್ವ ಹನ್ನೆರಡು ವರ್ಷದಿಂದ ದಿನಾ ಮಷೀನಿನ ಮುಂದ ಕುಂತಾಳ. ಆಕಿ ಸಂಜೀಕ ಎಷ್ಟ ಕಮ್ಮಿ ಆಗ್ತಾಳ?’

ಗೊತ್ತಿಲ್ಲ, ಅಳೆದು ಹೇಳುತ್ತೇನೆ ಎಂದು ಫೋನಿನಲ್ಲಿ ಉತ್ತರ ಕಳಿಸಿದೆ. ಅಳೆಯಲಿಲ್ಲ. ಆರನೆಯ ಮೆಟ್ಟಿಲಿಂದ ಹಾಗೆ ಹತ್ತಿ ಹೋದವರನ್ನು ಅದೇ ಕಂಬಕ್ಕೆ ಬೆನ್ನು ಕೊಟ್ಟು ನಿಲ್ಲಿ ಎಂದು ಯಾವ ಮುಖ ಇಟ್ಟುಕೊಂಡು ಕೇಳಲಿ? ಅವನು ಎರಡು ಸಲ ನೆನಪಿಸಿದ. ಎರಡು ಸಲವೂ ಕೆಲಸದ ನೆಪ ಹೇಳಿದೆ.

ನಾಲ್ಕು ತಿಂಗಳ ನಂತರ ಒಂದು ಮಧ್ಯಾಹ್ನ ಅವನ ತಂದೆ ಎರಕದ ಮಸಿ ಮೆತ್ತಿದ ಬಟ್ಟೆಯಲ್ಲೇ ಮನೆಗೆ ಬಂದರು. ಕೈ ತೊಳೆದಿರಲಿಲ್ಲ. ಕಾರ್ಖಾನೆಗೇ ಫೋನು ಬಂದಿತ್ತು. ಬೆಳಗಿನ ಓಟ ಮುಗಿಸಿ, ನೀರು ಕುಡಿಯಲು ಕಟ್ಟೆಯ ಮೇಲೆ ಕೂತವನು ಮತ್ತೆ ಏಳಲಿಲ್ಲ. ಹೃದಯದಲ್ಲಿ ಹುಟ್ಟಿನಿಂದ ಒಂದು ದೋಷವಿತ್ತಂತೆ. ಅದು ಯಾವ ಸೂಚನೆಯನ್ನೂ ಕೊಡದ ಜಾತಿಯದು ಎಂದು ಆಮೇಲೆ ವೈದ್ಯರು ಹೇಳಿದರು.

ದೇಹವನ್ನು ಅವರ ಊರಿಗೆ ಒಯ್ದರು. ಅಪ್ಪ ಹೋದರು, ನಾನು ಹೋಗಲಿಲ್ಲ. ನಮ್ಮ ರಸ್ತೆಯ ತುದಿಯಲ್ಲಿ ಒಂದು ಬ್ಯಾನರ್ ಕಟ್ಟಿದ್ದರು. ಅಚ್ಚು ಹಾಕುವವರು ಫೋಟೋವನ್ನು ಚೌಕಟ್ಟಿಗೆ ಸರಿಹೊಂದಿಸಲು ಉದ್ದಕ್ಕೆ ಎಳೆದಿದ್ದರು. ಬ್ಯಾನರಿನಲ್ಲಿ ಅವನು ಯಾವ ರ್‍ಯಾಲಿಯಲ್ಲೂ ಪಾಸಾಗುವಷ್ಟು ಎತ್ತರವಿದ್ದ. ದಿನಾ ಬಸ್ಸಿಗೆ ಹೋಗುವಾಗ ಅದರ ಕೆಳಗೆ ಹಾದು ಹೋಗುತ್ತಿದ್ದೆ. ಅಂಗಡಿಯ ಮುಂದೆ ಯಾರೋ ಯಾರನ್ನೋ ಕೇಳುತ್ತಿದ್ದರು, “ಎಲ್ಲಿ, ಬಾರ್ಡರಲ್ಲಾ?” ಇಲ್ಲ, ಹಾರ್ಟು ಎಂಬ ಉತ್ತರ ಬಂದಾಗ ಕೇಳಿದವರ ಮುಖದಲ್ಲಿ ಏನೋ ಸ್ವಲ್ಪ ಇಳಿಯುತ್ತಿತ್ತು. ಅದು ಎಷ್ಟು ಇಳಿಯಿತು ಎಂದು ನಾನು ಗಮನಿಸುತ್ತಿದ್ದೆ. ನನ್ನ ಸ್ವಭಾವದ ಬಗ್ಗೆ ನನಗೇ ಬೇಸರವಾಗುತ್ತಿತ್ತು.

ಒಂಬತ್ತು ತಿಂಗಳು ಕಳೆದವು. ಅವನ ತಂದೆಯ ಕಾರ್ಖಾನೆ ಮಾಕಳಿಯ ಕಡೆಗೆ ಹೋಯಿತು. ಅಲ್ಲೇ ಹತ್ತಿರ ಮನೆ ನೋಡಿಕೊಂಡರು. ಮನೆ ಖಾಲಿಯಾದ ಮೇಲೆ ಸುಣ್ಣಬಣ್ಣ ಮಾಡಿಸಬೇಕೆಂದು ಅಪ್ಪ ಪೇಂಟರಿಗೆ ಹೇಳಿದ್ದರು. ಹೊರಡುವ ಹಿಂದಿನ ದಿನ ಸಂಜೆ ತಾಯಿ ಮನೆಯ ಇನ್ನೊಂದು ಬೀಗದ ಕೈ ಕೊಡಲು ಕೆಳಗೆ ಬಂದವರು ಕಂಬದ ಎದುರಿನ ಮೆಟ್ಟಿಲ ಮೇಲೆ ಕೂತರು. ನಾನೂ ಕೂತೆ.

“ತಂಗಿ, ಅವತ್ತ ನೀ ಸುಳ್ಳ ಹೇಳಿದ್ದಿದ್ರ, ಅಂವ ಇರ್ತಿದ್ನೇನು?”

ಒಂಬತ್ತು ತಿಂಗಳಿಂದ ಈ ಪ್ರಶ್ನೆಗೆ ಕಾಯುತ್ತಿದ್ದೆ. ಹೇಳಲು ಸಮಾಧಾನದ ಮಾತುಗಳನ್ನೂ ಜೋಡಿಸಿಟ್ಟಿದ್ದೆ.

“ಗೊತ್ತಿಲ್ಲ ಆಂಟಿ. ಹೃದಯದ ತೊಂದರೆ ಇಲ್ಲಿದ್ದಿದ್ರೂ ಇರ್ತಿತ್ತು. ಆದ್ರೆ ಇಲ್ಲಿ ಅಷ್ಟು ಓಡ್ತಿರಲಿಲ್ಲವೇನೋ. ನಿಜವಾಗ್ಲೂ ಗೊತ್ತಿಲ್ಲ.”

ಅವರು ಬೀಗದ ಕೈಯನ್ನು ನನ್ನ ಕೈಗಿಟ್ಟು ಗೆರೆಗಳ ಕಡೆ ನೋಡಿದರು.

“ಎಲ್ಲಾರೂ ಹಣೇಬರಾ ಅಂತಾರ. ದೇವರ ಇಚ್ಛಾ ಅಂತಾರ. ಗೊತ್ತಿಲ್ಲ ಅಂದಾಕಿ ನೀ ಒಬ್ಬಾಕಿನ ನೋಡು.” ಸೆರಗಿನಿಂದ ಮೂಗು ಒರೆಸಿಕೊಂಡರು. “ಅವತ್ತ ನಿನ್ನ ಕೇಳಕೊಂಡ ಹೋದ ಮ್ಯಾಲ ನಾ ಅಂವಗ ಹೇಳಿಬಿಟ್ಟಿದ್ದೆ. ಹೊಟ್ಟಿಯೊಳಗ ಇಟ್ಕೊಳ್ಳಾಕ ಆಗಲಿಲ್ಲ. ಅಂವ ಸಿಟ್ಟಿಗೇಳ್ಲಿಲ್ಲ, ನಕ್ಕ. ‘ಬೇ ಯವ್ವಾ, ಆಕಿ ಸುಳ್ಳ ಹೇಳಾಕಿ ಆಗಿದ್ರ ನಾ ಆಕಿ ಕಡೆ ಯಾಕ ಅಳಸ್ಕೋತಿದ್ನಿ’ ಅಂದ.”

ನಾನು ಒಳಗೆ ಹೋಗಿ ಕೊನೆಯ ಕೆಂಪು ಚೀಟಿ ತಂದೆ. ಅವರಿಗೆ ಓದು ಕಷ್ಟ; ಓದಿ ಹೇಳಿದೆ. ಕುಂತಾಂವ ಎಂಬಲ್ಲಿಗೆ ಬಂದಾಗ ಅವರ ತುಟಿ ಅಲುಗಿತು.

“ಹುಚ್ಚ. ನನ್ನ ಎತ್ತರ ತಗೊಂಡು ಏನ್ ಮಾಡಾಂವ ಇದ್ದ?” ಎಂದರು. ಆಮೇಲೆ, “ನೀ ಏನಂತ ಹೇಳಿದಿ?”

“ಇನ್ನೂ ಹೇಳಿಲ್ಲ.”

ಅವರು ಎದ್ದು, ಮೊಣಕಾಲು ಒತ್ತಿಕೊಂಡು, ಮೇಲೆ ಹೋದರು.

ಮರುದಿನ ಬೆಳಿಗ್ಗೆ ಐದೂವರೆಗೆ ನಾನು ಮೂಲೆಮಟ್ಟ, ಟೇಪು, ಪೆನ್ಸಿಲು ಹಿಡಿದು ಕಂಬದ ಹತ್ತಿರ ನಿಂತೆ. ಬರುತ್ತಾರೆಂದು ಅವರು ಹೇಳಿರಲಿಲ್ಲ, ನಾನೂ ಕರೆದಿರಲಿಲ್ಲ. ಸಾಮಾನು ಸಾಗಿಸುವುದು ತಂದೆಯ ಪಾಲಿಗಿತ್ತು. ತಾಯಿಗೆ ಗಾರ್ಮೆಂಟ್ಸಿನಲ್ಲಿ ರಜೆ ಸಿಕ್ಕಿರಲಿಲ್ಲ. ಐದೂ ಮುಕ್ಕಾಲಿಗೆ ಮೇಲಿನ ಬಾಗಿಲು ತೆರೆಯಿತು. ಅವರು ಇಳಿದು ಬಂದು, ಚಪ್ಪಲಿ ಬಿಟ್ಟು, ಕಂಬಕ್ಕೆ ಬೆನ್ನು ಕೊಟ್ಟು ನಿಂತರು. ತುರುಬು ಅಡ್ಡ ಬರುತ್ತಿತ್ತು. ಕೇಳುವ ಮೊದಲೇ ಅವರು ಕೈ ಹಿಂದೆ ಮಾಡಿ ಅದನ್ನು ಬಿಚ್ಚಿದರು. ಮೂರು ಸಲ ನೋಡಿದೆ. ಆ ಎರಡು ಗೆರೆಗಳಿಗಿಂತ ಮುಕ್ಕಾಲು ಗೇಣು ಕೆಳಗೆ ಮೂರನೆಯದನ್ನು ಎಳೆದೆ.

“ಎಷ್ಟ ಬಂತು?”

“ನೂರಾ ನಲವತ್ತೊಂಬತ್ತು ಸೆಂಟಿಮೀಟರು, ಆರು ಮಿಲಿಮೀಟರು.”

ಅವರು ತಲೆಯಾಡಿಸಿ, ಕೂದಲು ಕಟ್ಟಿಕೊಂಡು, ಗಾರ್ಮೆಂಟ್ಸ್ ವ್ಯಾನು ಹಿಡಿಯಲು ಹೋದರು. ಅಪ್ಪನನ್ನು ಎಬ್ಬಿಸಿ, ಆ ಕಂಬಕ್ಕೆ ಬಣ್ಣ ಬೇಡ ಎಂದೆ. ಆಮೇಲೆ ಕೆಂಪು ಚೀಟಿಯ ಮೇಲೆ, ಅವನ ಪ್ರಶ್ನೆಯ ಕೆಳಗೆ ಉಳಿದ ಜಾಗದಲ್ಲಿ, ‘ಬೆಳಿಗ್ಗೆ 149.6’ ಎಂದು ಬರೆದೆ. ಅದರ ಕೆಳಗೆ ‘ಸಂಜೆ’ ಎಂದು ಬರೆದು ಮುಂದೆ ಖಾಲಿ ಬಿಟ್ಟೆ. ಟೇಪು, ಮೂಲೆಮಟ್ಟ ಎರಡನ್ನೂ ಬ್ಯಾಗಿಗೆ ಹಾಕಿಕೊಂಡು, ಮಾಕಳಿಯ ಮನೆಯ ವಿಳಾಸ ಇನ್ನೊಮ್ಮೆ ನೋಡಿಕೊಂಡು, ಲ್ಯಾಬಿಗೆ ಹೊರಟೆ.